ಸುಳ್ಳು ಹೇಳಿದ್ರೆ ಅನಂತ್ ನಾಗ್ ಥರ ಹೇಳ್ಬೇಕು

ನಮ್ಮ ಮನೆಯಲ್ಲಿ ರಾಜ್‌ಕುಮಾರ್ ಅಂದ್ರೆ ದೇವರು. ದೇವರ ಬಗ್ಗೆ ಜೋಕು ಮಾಡೋ ಹಾಗಿಲ್ಲ. ವಿಷ್ಣುವರ್ಧನ್ ಅಮ್ಮನ ಪಕ್ಷ, ಅಲ್ಲೂ ಬಾಯಿ ಬಿಡೋ ಹಾಗಿಲ್ಲ. ಅನಂತ್ ನಾಗ್ ಮಾತ್ರ ನಮ್ಮೋರು. ಅಂದ್ರೆ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದು, ಬೆಳಗ್ಗೆ ಪೇಪರ್ ಕೇಳ್ಕೊಂಡು ಬಂದು, ಕೂತು ಕಾಫಿ ಕುಡಿದು, ಪೇಪರ್ ವಾಪಸ್ ಕೊಡದೇ ಹೋಗೋ ಅಂಥ ನಮ್ಮೋರು. ಅವರ ಬಗ್ಗೆ ಏನು ಬೇಕಾದ್ರೂ ಮಾತಾಡಬಹುದಿತ್ತು. ಹಾಗಾಗಿ ಸುಮಾರು ಮೂವತ್ತು ವರ್ಷದಿಂದ ನಾನೂ ಅಪ್ಪನೂ ಅವರ ಬಗ್ಗೆಯೇ ಮಾತಾಡ್ತಾ ಬಂದಿದ್ದೀವಿ. ನಮ್ಮಿಬ್ಬರ ಮಧ್ಯೆ ಬೇರೆ ವಿಷಯ ಅಷ್ಟಾಗಿ ಇಲ್ಲ.

ಈ ಮೂವತ್ತು ವರ್ಷದ ಸಂಶೋಧನೆಯ ಸಾರಾಂಶವನ್ನ ಒಂದೇ ಸಾಲಲ್ಲಿ ಹೇಳಿಬಿಡ್ತೀನಿ: ಕನ್ನಡ ತೆರೆ ಕಂಡ ಅತ್ಯುತ್ತಮ ಸುಳ್ಳುಗಾರ ಅನಂತ್ ನಾಗ್.

ಕೋಪ ಮಾಡ್ಕೋಬೇಡಿ. ನಾನು ಹೇಳ್ತಿರೋದು ಪಾತ್ರಗಳ ಬಗ್ಗೆ, ಮನುಷ್ಯನ ಬಗ್ಗೆ ಅಲ್ಲ. ಹೊಡೆದಾಟ ಮಾಡಿದವರು, ಕುಣಿದವರು, ಅತ್ತವರು, ನಾಡು ನುಡಿ ಉಳಿಸಿದವರು ಬೇಕಾದಷ್ಟು ಜನ ಇದ್ದಾರೆ. ಆದ್ರೆ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ಎದುರಿಗಿರೋನಿಗೆ ಮರ್ಯಾದೆ ಕೊಡ್ತಾ, ಒಂದು ಚೂರೂ ದನಿ ಏರಿಸದೇ ಹಸಿ ಸುಳ್ಳು ಹೇಳಿ ಬರೋ ಕಲೆ ಇದೆಯಲ್ಲ, ಅದು ಒಬ್ಬರದ್ದೇ.

ಸಾಕ್ಷಿ ಬೇಕಾ? ಸಿನಿಮಾ ನೋಡೋದೇ ಬೇಡ, ಹೆಸರು ಓದಿ ಸಾಕು. 'ಹೆಂಡ್ತಿಗ್ಹೇಳ್ಬೇಡಿ' ಅಂತ ಒಂದು ಸಿನಿಮಾ. ಕೆಲವು ವರ್ಷ ಬಿಟ್ಟು 'ಯಾರಿಗೂ ಹೇಳ್ಬೇಡಿ' ಅಂತ ಇನ್ನೊಂದು. ಮೊದಲು ಹೆಂಡತಿಯಿಂದ ಮುಚ್ಚಿಟ್ಟಿದ್ದನ್ನ ಆಮೇಲೆ ಇಡೀ ರಾಜ್ಯದಿಂದ ಮುಚ್ಚಿಡಬೇಕಾಗಿ ಬಂತು ಅಂತ ಪೋಸ್ಟರಿನಲ್ಲೇ ಬರೆಸಿದ ನಟ ಬೇರೆ ಯಾರಾದ್ರೂ ಇದ್ರೆ ತೋರಿಸಿ. ಇದರ ಜೊತೆಗೆ 'ಗೋಲ್‌ಮಾಲ್ ರಾಧಾಕೃಷ್ಣ' ಬೇರೆ. ಟೈಟಲ್ ಕಾರ್ಡಿನಲ್ಲೇ ಎಫ್‌ಐಆರ್ ದಾಖಲಾದ ಹಾಗೆ.

ಇನ್ನು ಕೇಸಿನ ವಿವರಕ್ಕೆ ಬರೋಣ. 1991ರ 'ಗೌರಿ ಗಣೇಶ', ಫಣಿ ರಾಮಚಂದ್ರ ನಿರ್ದೇಶನ. ಅನಂತ್ ನಾಗ್ ಇದರಲ್ಲಿ ಲಂಬೋದರ ಅನ್ನೋ ಮೋಸಗಾರ. ತೀರಿಕೊಂಡ ಗೌರಿಯ ಡೈರಿ ಅವನ ಕೈಗೆ ಸಿಗುತ್ತೆ. ಅದರಲ್ಲಿ ಮೂವರು ದುಡ್ಡಿರೋ ಗಂಡಸರ ವಿಷಯ ಇರುತ್ತೆ. ಲಂಬೋದರ ಬೀದಿಯ ಹುಡುಗ ಒಬ್ಬನನ್ನ ಜೊತೆಗಿಟ್ಕೊಂಡು, ಮೂವರಿಗೂ ಬೇರೆಬೇರೆಯಾಗಿ 'ಇವನು ನಿಮ್ಮ ಮಗ' ಅಂತ ನಂಬಿಸ್ತಾನೆ. ಒಬ್ಬನೇ ಮಗ, ಮೂರು ಜನ ಅಪ್ಪಂದಿರು, ಮೂರು ಕಡೆಯಿಂದ ದುಡ್ಡು. ಈಗ ನಮ್ಮ ಕಂಪನಿಗಳಲ್ಲಿ ಇದಕ್ಕೆ ಮೂನ್‌ಲೈಟಿಂಗ್ ಅಂತಾರೆ, ಎಚ್‌ಆರ್‌ನವರು ಮೇಲ್ ಕಳಿಸ್ತಾರೆ.

ಕಥೆಯನ್ನ ಕಾಗದದ ಮೇಲೆ ಓದಿದ್ರೆ ಇದು ಅಪ್ಪಟ ಬ್ಲ್ಯಾಕ್‌ಮೇಲ್. ಸತ್ತ ಹೆಣ್ಣುಮಗಳ ಹೆಸರಲ್ಲಿ ದುಡ್ಡು ಕೀಳೋನು ಖಳನಾಯಕ ಆಗಬೇಕು. ಆದ್ರೆ ನಾವು ಅವನ ಪಕ್ಷ ಸೇರ್ಕೊಂಡು, ಯಾರಿಗೂ ಗೊತ್ತಾಗದೇ ಇರಲಪ್ಪಾ ಅಂತ ಅವನಿಗಿಂತ ಹೆಚ್ಚು ಟೆನ್ಷನ್ ಮಾಡ್ಕೋತೀವಿ. ಯಾಕೆ?

ಇದಕ್ಕೆ ನನ್ನ ಹತ್ರ ಒಂದು ಥಿಯರಿ ಇದೆ. ಸಾಮಾನ್ಯವಾಗಿ ಹಾಸ್ಯ ನಟರು ಸುಳ್ಳು ಹೇಳುವಾಗ ಒಂದು ಕಣ್ಣು ನಮ್ಮ ಮೇಲೆ ಇಟ್ಟಿರ್ತಾರೆ. 'ನೋಡಿ ಹೆಂಗೆ ಟೋಪಿ ಹಾಕ್ತಿದ್ದೀನಿ' ಅಂತ ಪ್ರೇಕ್ಷಕರಿಗೆ ಸನ್ನೆ ಮಾಡ್ತಾರೆ. ಅನಂತ್ ನಾಗ್ ಆ ಕೆಲಸ ಮಾಡೋದೇ ಇಲ್ಲ. ಅವರ ಪೂರ್ತಿ ಗಮನ ಟೋಪಿ ಹಾಕಿಸ್ಕೊಳ್ಳೋನ ಮೇಲೇ. ಅವನು ಏನಂದ, ಎಲ್ಲಿ ತಡವರಿಸಿದ, ಯಾವ ಮಾತಿಗೆ ಬೆವರಿದ, ಎಲ್ಲವನ್ನೂ ಡಾಕ್ಟರ್ ಥರ ಗಮನ ಇಟ್ಟು ಕೇಳಿಸ್ಕೋತಾರೆ. ಪಾಪ ಅಂತ ನಿಜವಾಗಲೂ ಮರುಗುತ್ತಾರೆ. ಮರುಗಿ ಆದ ಮೇಲೆ ದುಡ್ಡು ಕೇಳ್ತಾರೆ. ಅಷ್ಟು ಶ್ರದ್ಧೆಯಿಂದ ನಮ್ಮ ಕಷ್ಟ ಕೇಳೋರು ಸಿಕ್ಕಿದ್ರೆ ನಾವೂ ಕೊಟ್ಟುಬಿಡ್ತಿದ್ವಿ. ಅವರ ನಟನೆ ಬಾಯಲ್ಲಿಲ್ಲ ಸ್ವಾಮಿ, ಕಿವಿಯಲ್ಲಿದೆ.

ಅನುಮಾನ ಇದ್ರೆ ಅವರ ಪ್ರೇಮಕಥೆಗಳನ್ನ ನೋಡಿ. ಬೇರೆ ಹೀರೋಗಳಿಗೆ ನಾಯಕಿ ಎದುರಿಗೆ ಬರ್ತಾಳೆ, ಡಿಕ್ಕಿ ಹೊಡೀತಾಳೆ, ಪುಸ್ತಕ ಕೆಳಗೆ ಬೀಳುತ್ತೆ. ಇವರ ಕಥೆ ಬೇರೆ. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಪ್ರೀತಿಸೋ ಹುಡುಗಿ ಸತ್ತು ದೆವ್ವವಾಗಿ ಇವರ ಮೈಮೇಲೇ ಬರ್ತಾಳೆ. 1990ರ 'ಗಣೇಶನ ಮದುವೆ'ಯಲ್ಲಿ ಅಂಚೆ ಮೂಲಕ ಬರ್ತಾಳೆ. 1995ರ 'ಬೆಳದಿಂಗಳ ಬಾಲೆ'ಯಲ್ಲಿ ಟೆಲಿಫೋನಿನಲ್ಲಿ ಬರ್ತಾಳೆ. ದೆವ್ವ, ಪೋಸ್ಟು, ಫೋನು. ಹದಿನಾರು ವರ್ಷದಲ್ಲಿ ತಂತ್ರಜ್ಞಾನ ಇಷ್ಟೆಲ್ಲ ಮುಂದುವರೀತು, ಹುಡುಗಿ ಮಾತ್ರ ನೆಟ್ಟಗೆ ಎದುರಿಗೆ ಬರಲಿಲ್ಲ. ಡೇಟಿಂಗ್ ಆ್ಯಪಿನಲ್ಲಿ ಮೂರು ವಾರ ಚಾಟ್ ಮಾಡಿ 'ಇನ್ನೂ ಮೀಟ್ ಮಾಡಿಲ್ಲ ಮಗಾ' ಅಂತ ಗೋಳಾಡೋ ನನ್ನ ಸಹೋದ್ಯೋಗಿಗಳಿಗೆ ನಾನು ಹೇಳೋದು ಒಂದೇ ಮಾತು: ತಾಳ್ಮೆ ಇರಲಿ, ಅನಂತ್ ನಾಗ್ ಮೈಮೇಲೆ ಬರೋದ್ರಿಂದ ಶುರು ಮಾಡಿದ್ರು.

ಇವುಗಳಲ್ಲಿ 'ಗಣೇಶನ ಮದುವೆ' ಬೆಂಗಳೂರಿನಲ್ಲಿ ಬಾಡಿಗೆ ಕಟ್ಟೋ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ನೋಡಲೇಬೇಕಾದ ಸಿನಿಮಾ. ಅಗ್ರಿಮೆಂಟ್ ರಿನ್ಯೂ ಮಾಡೋ ಹಿಂದಿನ ದಿನ ನೋಡಿದ್ರೆ ಇನ್ನೂ ಒಳ್ಳೇದು. ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು, ಅವರ ವಿರುದ್ಧ ಬಾಡಿಗೆದಾರ ವೈ.ಜಿ. ರಾವ್ ಆಗಿ ಅನಂತ್ ನಾಗ್. ನಾವೀಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಮಧ್ಯರಾತ್ರಿ ಮಾಡೋ ಜಗಳವನ್ನೆಲ್ಲ ರಾವ್ ಆಗಲೇ ವಠಾರದ ನಡುಮನೆಯಂಥ ಅಂಗಳದಲ್ಲಿ ನಿಂತು, ಮುಖ ನೋಡ್ಕೊಂಡೇ ಮಾಡಿ ಮುಗಿಸಿದ್ದ. ಮಾಲೀಕನ ಮಗಳು ಆದಿಲಕ್ಷ್ಮಿಯನ್ನ ಕಂಡ್ರೆ ಅವನಿಗಾಗಲ್ಲ. ಹಗಲೆಲ್ಲ ಅವಳ ಜೊತೆ ಕಿತ್ತಾಟ. ಸಂಜೆ ಕೂತು ಶ್ರುತಿ ಅನ್ನೋ ಗಾಯಕಿಗೆ ಪ್ರೇಮಪತ್ರ. ಆ ಶ್ರುತಿಯೇ ಈ ಆದಿಲಕ್ಷ್ಮಿ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ವಿನಯಾ ಪ್ರಸಾದ್ ಎದುರಿಗೆ ಸಿಕ್ಕಾಗ ಅನಂತ್ ನಾಗ್ ಮುಖದಲ್ಲಿ ಕಾಣೋ ಅಸಹ್ಯ ಇದೆಯಲ್ಲ, ನೀರು ಬಿಡದ ಓನರ್ ಮಗಳ ಮೇಲೆ ನಿಜವಾದ ಬಾಡಿಗೆದಾರನಿಗೆ ಮಾತ್ರ ಬರೋ ಅಂಥದ್ದು.

'ಬೆಳದಿಂಗಳ ಬಾಲೆ' ಇನ್ನೂ ಕಷ್ಟದ ಪರೀಕ್ಷೆ. ಸುನಿಲ್ ಕುಮಾರ್ ದೇಸಾಯಿ ನಿರ್ದೇಶನದ ಆ ಸಿನಿಮಾದಲ್ಲಿ ಅನಂತ್ ನಾಗ್ ರೇವಂತ್ ಅನ್ನೋ ಚೆಸ್ ಆಟಗಾರ. ಹೆಸರೇ ಹೇಳದ ಹುಡುಗಿಯೊಬ್ಬಳು ಫೋನ್ ಮಾಡಿ, ನಿನಗೆ ಅಷ್ಟು ಬುದ್ಧಿ ಇದ್ರೆ ನನ್ನನ್ನ ಹುಡುಕು ಅಂತ ಸವಾಲು ಹಾಕ್ತಾಳೆ. ಅಲ್ಲಿಂದ ಮುಂದೆ ಅವರ ಎದುರಿಗೆ ಸಹನಟಿ ಇಲ್ಲ, ಇರೋದು ರಿಸೀವರು. ಒಬ್ಬ ಗಂಡಸು ಫೋನ್ ಹಿಡ್ಕೊಂಡು ಕೇಳಿಸ್ಕೊಳ್ಳೋದನ್ನ ನಾವು ಅಷ್ಟು ಹೊತ್ತು ಕಣ್ಣು ಮಿಟುಕಿಸದೇ ನೋಡ್ತೀವಿ. ನಾನು ಫೋನಲ್ಲಿ ಮಾತಾಡೋದನ್ನ ನನ್ನ ಹೆಂಡತಿ ಎರಡು ನಿಮಿಷ ನೋಡಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಈ ಪ್ರತಿಭೆ ಯಾವಾಗಲೂ ನಗಿಸೋಕೇ ಬಳಕೆಯಾಗಿಲ್ಲ. 1974ರ ಶ್ಯಾಮ್ ಬೆನಗಲ್ ಅವರ 'ಅಂಕುರ್' ನೋಡಿ. ಜಮೀನ್ದಾರನ ಮಗ ಸೂರ್ಯ. ಕೆಲಸದ ಲಕ್ಷ್ಮಿ, ಅಂದ್ರೆ ಶಬಾನಾ ಆಜ್ಮಿ, ಬಸುರಿ ಅಂತ ಗೊತ್ತಾದ ತಕ್ಷಣ ಅವನು ಜಾರಿಕೊಳ್ತಾನೆ. ಕೊನೆಯಲ್ಲಿ ಅವಳ ಗಂಡ, ಕಿವಿ ಕೇಳದ ಮಾತು ಬಾರದ ಮನುಷ್ಯ, ಕೆಲಸ ಕೇಳೋಕೆ ಅಂತ ಬರ್ತಾನೆ. ಸೇಡು ತೀರಿಸೋಕೆ ಬಂದ ಅಂತ ಹೆದರಿದ ಸೂರ್ಯ ಅವನನ್ನ ಚಾಟಿಯಲ್ಲಿ ಬಾರಿಸ್ತಾನೆ. ಅದೇ ಮೃದುವಾದ ಮುಖ, ಅದೇ ಓದಿದವರ ಮನೆಯ ದನಿ. ಈ ಸಲ ಅದರ ಹಿಂದೆ ಇರೋದು ಹೇಡಿತನ. ಲಂಬೋದರನ ಸುಳ್ಳಿಗೆ ನಕ್ಕಿದ್ದ ನಾನು 'ಅಂಕುರ್' ನೋಡಿ ಸುಮ್ಮನಾದೆ. ಒಳ್ಳೇ ಮನೆಯ ಹುಡುಗರು ಸುಳ್ಳು ಹೇಳಿದಾಗ ಅದರ ಬೆಲೆ ಯಾರು ಕಟ್ತಾರೆ ಅನ್ನೋದನ್ನ ಅವರು ತಮ್ಮ ವೃತ್ತಿಯ ಶುರುವಿನಲ್ಲೇ ತೋರಿಸಿಬಿಟ್ಟಿದ್ದರು. ನಗಿಸೋ ಸುಳ್ಳುಗಳೆಲ್ಲ ಬಂದಿದ್ದು ಆಮೇಲೆ.

ನಡುವೆ ನಿಲ್ಲೋ ಸಿನಿಮಾ ಅಂದ್ರೆ 1990ರ 'ಉದ್ಭವ'. ಕೋಡ್ಲು ರಾಮಕೃಷ್ಣ ನಿರ್ದೇಶನ. ರಸ್ತೆ ಅಗಲೀಕರಣ ತಪ್ಪಿಸೋಕೆ ಗಣಪತಿಯೇ ನೆಲದಿಂದ ಉದ್ಭವ ಆಗೋ ಹಾಗೆ ವ್ಯವಸ್ಥೆ ಮಾಡೋ ಚಾಲಾಕಿ ಪಾತ್ರ. ನಗು ಬರುತ್ತೆ, ಆದ್ರೆ ಮನೆಗೆ ಹೋಗೋ ದಾರಿಯಲ್ಲಿ ಫುಟ್‌ಪಾತ್ ಮೇಲಿನ ಗುಡಿ ಕಂಡಾಗ ಆ ನಗು ಸ್ವಲ್ಪ ಹುಳಿಯಾಗುತ್ತೆ. ಗಮನಿಸಿ: 'ಉದ್ಭವ', 'ಗಣೇಶನ ಮದುವೆ', 'ಗೌರಿ ಗಣೇಶ'. ಎರಡೇ ವರ್ಷದಲ್ಲಿ ಮೂರು ಗಣಪತಿ. ವಿಘ್ನನಿವಾರಕನ ಜೊತೆ ಇಷ್ಟು ಒಳ್ಳೇ ಸಂಬಂಧ ಇಟ್ಕೊಂಡು, 1994ರಲ್ಲಿ ಮಲ್ಲೇಶ್ವರದಿಂದ ಶಾಸಕರೂ ಆದ್ರು, ಮುಂದೆ ಮಂತ್ರಿಯೂ ಆದ್ರು. ತೆರೆಯ ಮೇಲೆ ಅಷ್ಟು ತಯಾರಿ ಇದ್ದವರು ರಾಜಕೀಯದಲ್ಲಿ ಎಲ್ಲಿಗೋ ಹೋಗಬೇಕಿತ್ತು. ಹೋಗಲಿಲ್ಲ. ನಿಜಜೀವನದಲ್ಲಿ ಅವರಿಗೆ ಸುಳ್ಳು ಹೇಳೋಕೆ ಬರಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಸ್ವಲ್ಪ ನನ್ನ ಸುಳ್ಳಿನ ವಿಷಯ.

ಎರಡು ವರ್ಷದ ಹಿಂದೆ ನನ್ನ ಕೆಲಸ ಹೋಯ್ತು. ಹದಿನೈದು ನಿಮಿಷದ ವಿಡಿಯೋ ಕಾಲ್, ಅದರಲ್ಲಿ ಹತ್ತು ನಿಮಿಷ ಅವರ ಮೈಕ್ ಮ್ಯೂಟ್ ಆಗಿತ್ತು. ಹೆಂಡತಿಗೆ ಅವತ್ತೇ ಹೇಳಿದೆ. ಮೈಸೂರಿನಲ್ಲಿರೋ ಅಪ್ಪ ಅಮ್ಮನಿಗೆ ಹೇಳಲಿಲ್ಲ. ಹೊಸ ಕೆಲಸ ಸಿಕ್ಕ ಮೇಲೆ ಎರಡನ್ನೂ ಒಟ್ಟಿಗೆ ಹೇಳಿದ್ರಾಯ್ತು ಅಂದ್ಕೊಂಡೆ. ದಿನಾ ಫೋನಲ್ಲಿ ಊಟ ಆಯ್ತಾ, ಆಯ್ತು. ಆಫೀಸು ಹೇಗಿದೆ, ಚೆನ್ನಾಗಿದೆ. ಎರಡು ತಿಂಗಳು ಹೀಗೇ ನಡೀತು. ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಟೀವಿಯಲ್ಲಿ 'ಗೌರಿ ಗಣೇಶ' ಬರ್ತಿತ್ತು, ಹಬ್ಬಕ್ಕೆ ಅದನ್ನ ಬಿಟ್ಟು ಇನ್ನೇನು ಹಾಕ್ತಾರೆ. ಅಪ್ಪ ಮಾಮೂಲಿ ಕುರ್ಚಿಯಲ್ಲಿ, ನಾನು ಕೆಳಗೆ ಗೋಡೆಗೊರಗಿ.

"ಆಫೀಸು ಹೇಗಿದ್ಯೋ?" ಅಂದ್ರು.

"ಚೆನ್ನಾಗಿದೆ ಅಪ್ಪ. ಹೊಸ ಪ್ರಾಜೆಕ್ಟು."

ಸುಮ್ಮನಿದ್ರು. ಲಂಬೋದರ ಯಾರಿಗೋ ಟೋಪಿ ಹಾಕಿ ಮುಗಿಸಿ, ಜಾಹೀರಾತು ಬಂತು.

"ಅನಂತ್ ನಾಗ್‌ನ ನೋಡು. ಸುಳ್ಳು ಹೇಳುವಾಗ ಎದುರಿಗಿರೋನ ಮುಖ ನೋಡ್ತಾನೆ. ನೀನು ಟೀವಿ ನೋಡ್ತೀಯ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಕೆಲಸ ಹೋಗಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ದುಡ್ಡೇನಾದ್ರೂ ಬೇಕಾ?"

"ಬೇಡಪ್ಪ."

"ಇದನ್ನೂ ಟೀವಿ ನೋಡ್ಕೊಂಡೇ ಹೇಳ್ದೆ."

ಅಷ್ಟರಲ್ಲಿ ಅಮ್ಮ ಒಳಗಿಂದ ಕಡುಬಿನ ತಟ್ಟೆ ಹಿಡ್ಕೊಂಡು ಬರ್ತಿದ್ಲು. ಅಪ್ಪ ದನಿ ಇಳಿಸಿ, "ಅವಳಿಗೆ ಹೇಳ್ಬೇಡ" ಅಂದ್ರು. 'ಹೆಂಡ್ತಿಗ್ಹೇಳ್ಬೇಡಿ', ನಮ್ಮ ಮನೆಯ ಆವೃತ್ತಿ. ಮೂವತ್ತು ವರ್ಷ ನಾನು ಅನಂತ್ ನಾಗ್ ನೋಡ್ತಿದ್ದಾಗ ಅಪ್ಪ ನನ್ನನ್ನ ನೋಡ್ತಿದ್ರು ಅಂತ ಅವತ್ತು ಗೊತ್ತಾಯ್ತು. ಮುಂದಿನ ತಿಂಗಳು ಕೆಲಸ ಸಿಕ್ತು. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಈ ಲೇಖನ ಓದಿದವರು ದಯವಿಟ್ಟು ಯಾರಿಗೂ ಹೇಳ್ಬೇಡಿ.

ಅಭಿಮಾನಿ ಅಂದ್ಮೇಲೆ ಒಂದೆರಡು ತಕರಾರೂ ಇರಬೇಕಲ್ಲ. ವಯಸ್ಸಾದ ಮೇಲೆ ನಮ್ಮ ಸಿನಿಮಾದವರು ಅವರನ್ನ ಬಹಳ ಸಲ ಸೋಫಾದ ಜೊತೆ ಬರೋ ಅಪ್ಪನ ಥರ ಬಳಸಿದ್ರು ಅನ್ನೋದು ನನ್ನ ದೂರು. ಶ್ರೀಮಂತರ ಮನೆ ತೋರಿಸ್ಬೇಕಾ, ಮೆಟ್ಟಿಲು ಇಡಿ, ಗೊಂಚಲು ದೀಪ ಇಡಿ, ಶಾಲು ಹೊದ್ದ ಅನಂತ್ ನಾಗ್ ಅವರನ್ನ ಇಡಿ. ಎರಡು ಬುದ್ಧಿಮಾತು, ಒಂದು ನಿಟ್ಟುಸಿರು, ಮುಗೀತು. ಇದು ಹಸುವಿನ ಹಾಲಿನ ಫಿಲ್ಟರ್ ಕಾಫಿಯಲ್ಲಿ ಕೈ ತೊಳೆದ ಹಾಗೆ. 2006ರ 'ಮುಂಗಾರು ಮಳೆ' ಆ ಗುಂಪಿಗೆ ಸೇರಲ್ಲ. ಅಲ್ಲಿ ಅವರು ಮಡಿಕೇರಿಯ ಕರ್ನಲ್ ಸುಬ್ಬಯ್ಯ. ಮಗಳ ಮೇಲಿನ ಪ್ರೀತಿಯನ್ನ ಬಚ್ಚಿಟ್ಕೊಂಡ ಹುಡುಗ ಮನೆಯಲ್ಲೇ ಓಡಾಡ್ಕೊಂಡಿರ್ತಾನೆ. ಗುಟ್ಟು ಇಟ್ಕೊಳ್ಳೋ ಕೆಲಸವನ್ನ ಗಣೇಶ್‌ಗೆ ಬಿಟ್ಟುಕೊಟ್ಟು, ಏನೂ ಗೊತ್ತಿಲ್ಲದ ಯಜಮಾನನಾಗಿ ಅವರು ಆರಾಮಾಗಿ ಕೂತಿದ್ದಾರೆ. ಸೀನಿಯಾರಿಟಿ ಅಂದ್ರೆ ಇದು. 2018ರ 'ಕೆಜಿಎಫ್'ನಲ್ಲಿ ಪತ್ರಕರ್ತ ಆನಂದ್ ಇಂಗಳಗಿಯಾಗಿ ಅವರು ಕಥೆ ಹೇಳಿದ್ರು. ಒಬ್ಬನೇ ಅಷ್ಟು ಜನರನ್ನ ಹೊಡೆದ ಅಂತ ಬೇರೆ ಯಾರಾದ್ರೂ ಹೇಳಿದ್ರೆ, 'ಹೋಗ್ರೀ ಸಾರ್' ಅಂತಿದ್ದೆ. ಅನಂತ್ ನಾಗ್ ಹೇಳಿದ್ರು, ನಂಬಿದೆ. ಎರಡನೇ ಭಾಗದಲ್ಲಿ ಕಥೆ ಹೇಳೋರು ಬದಲಾದ್ರು. ಪ್ರಕಾಶ್ ರಾಜ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಲ್ಲಿ ನಾನು ಗುಂಡುಗಳನ್ನ ಲೆಕ್ಕ ಹಾಕೋಕೆ ಶುರು ಮಾಡಿದೆ.

ಸುಳ್ಳು ಹೇಳೋನಿಗೆ ಜ್ಞಾಪಕಶಕ್ತಿ ಚೆನ್ನಾಗಿರಬೇಕು ಅಂತಾರೆ. ಯಾರಿಗೆ ಏನು ಹೇಳಿದ್ದೀನಿ, ಯಾವ ಅಪ್ಪನಿಗೆ ಯಾವ ಲೆಕ್ಕ ಕೊಟ್ಟಿದ್ದೀನಿ ಅಂತ ತಲೆಯಲ್ಲಿರಬೇಕು. ಲಂಬೋದರನಿಗೆ ಅದಿತ್ತು. ಅದಕ್ಕೇ 2016ರಲ್ಲಿ ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿದಾಗ ನನಗೆ ನೆಲ ಜಾರಿದ ಹಾಗಾಯ್ತು. ಅಲ್ಲಿ ಅನಂತ್ ನಾಗ್ ವೆಂಕೋಬ್ ರಾವ್. ಆಲ್‌ಜೈಮರ್ಸ್ ಕಾಯಿಲೆ. ಮುಚ್ಚಿಡೋದಕ್ಕೂ ಏನೂ ನೆನಪಿಲ್ಲದ ಮನುಷ್ಯ. ಮಗ ಶಿವನ ಜೊತೆ ಹೊರಗೆ ಹೋದವರು ತಪ್ಪಿಸ್ಕೋತಾರೆ. ಮಗನಾಗಿ ರಕ್ಷಿತ್ ಶೆಟ್ಟಿ ಊರೆಲ್ಲ ಹುಡುಕ್ತಾನೆ. ಕಾಣೆಯಾಗಿದ್ದಾರೆ ಅನ್ನೋ ಪ್ರಕಟಣೆಯಲ್ಲಿ ಬರೆಯೋ ಆ ನಾಲ್ಕು ಪದ ಬಿಟ್ರೆ ಅಪ್ಪನ ಬಗ್ಗೆ ಏನು ಗೊತ್ತು ಅನ್ನೋದೇ ಆ ಹೆಸರಿನ ಪೆಟ್ಟು.

ಆ ಪಾತ್ರಕ್ಕೆ ಬೇರೆಯವರಾಗಿದ್ರೆ ಕೈ ನಡುಗಿಸ್ತಿದ್ರು, ತುಟಿ ಅದುರಿಸ್ತಿದ್ರು, ನಮ್ಮ ಕರವಸ್ತ್ರ ಒದ್ದೆ ಮಾಡಿಸಿ ಕಳಿಸ್ತಿದ್ರು. ಅನಂತ್ ನಾಗ್ ಹೊಸದೇನನ್ನೂ ಮಾಡಲಿಲ್ಲ ಅನ್ನೋದೇ ನನ್ನ ವಾದ. ಎದುರಿಗಿರೋನ ಮಾತನ್ನ ಗಮನ ಇಟ್ಟು ಕೇಳೋ ಅದೇ ಹಳೇ ಮುಖ. ಲಂಬೋದರ ಹಾಗೆ ಕೇಳ್ತಿದ್ದಿದ್ದು ಮುಂದಿನ ಸುಳ್ಳು ಕಟ್ಟೋಕೆ. ವೆಂಕೋಬ್ ರಾವ್ ಹಾಗೇ ಕೇಳೋದು, ಮಾತಾಡ್ತಿರೋದು ಯಾರು ಅಂತ ತಿಳ್ಕೊಳ್ಳೋಕೆ. ಮುಖ ಒಂದೇ, ಒಳಗಿನ ಮನೆ ಖಾಲಿ. ಮೂವತ್ತು ವರ್ಷ ಆ ಮುಖದ ಜೊತೆ ಬೆಳೆದವರಿಗೆ ಮಾತ್ರ ಆ ಭಯ ಪೂರ್ತಿ ಗೊತ್ತಾಗುತ್ತೆ. ಅಪ್ಪನ ಜೊತೆ ಮೈಸೂರಿನಲ್ಲೇ ನೋಡಿದ್ದೆ. ಸಿನಿಮಾ ಮುಗಿದ ಮೇಲೆ ಸ್ಕೂಟರ್ ಹತ್ರ ಬರೋವರೆಗೂ ಅವರು ಮಾತಾಡಲಿಲ್ಲ. ಆಮೇಲೆ, "ನಾನು ಕಳೆದುಹೋದ್ರೆ ಏನಂತ ಬರೆಸ್ತೀಯೋ?" ಅಂತ ಕೇಳಿದ್ರು. "ಎಣ್ಣೆಗೆಂಪು, ಕೋಪಿಷ್ಠ ಮೈಕಟ್ಟು" ಅಂದೆ. ಇಬ್ಬರೂ ನಕ್ಕು ಮಸಾಲೆ ದೋಸೆ ತಿನ್ನೋಕೆ ಹೋದ್ವಿ. ಆದ್ರೆ ಅವರು ಅವತ್ತು ಯಾವ ಬಣ್ಣದ ಶರ್ಟು ಹಾಕಿದ್ರು ಅಂತ ಮನೆಗೆ ಬಂದು ಮಲಗಿದಾಗ ಎಷ್ಟು ಯೋಚನೆ ಮಾಡಿದ್ರೂ ನೆನಪಾಗಲಿಲ್ಲ.

ಕಳೆದ ಸೋಮವಾರ ಅಪ್ಪನಿಗೆ ಫೋನ್ ಮಾಡಿ, ಡಾಕ್ಟರ್ ಹತ್ರ ಹೋಗಿದ್ರಾ ಅಂತ ಕೇಳಿದೆ. "ಬೆಳಗ್ಗೇನೇ ಹೋಗಿ ಬಂದೆ. ಬೀಪಿ, ಶುಗರು ಎಲ್ಲ ನಾರ್ಮಲ್ ಅಂದ್ರು" ಅಂದ್ರು. ಗುರುವಾರ ಮಾತಾಡುವಾಗ ನಾನು ಕೇಳದೇನೇ, "ಈ ವಾರ ಡಾಕ್ಟರ್ ಹತ್ರ ಹೋಗೋಕಾಗ್ಲಿಲ್ಲ ಕಣೋ. ಮುಂದಿನ ವಾರ ನೋಡೋಣ" ಅಂದ್ರು.

ಎರಡೂ ಸಲ ಒಂದೇ ದನಿ. ಫೋನಲ್ಲಿ ಮುಖ ಕಾಣಲ್ಲ, ಅವರು ಟೀವಿ ನೋಡ್ತಿದ್ರೋ ಇಲ್ವೋ ಗೊತ್ತಾಗಲ್ಲ. 'ಬೆಳದಿಂಗಳ ಬಾಲೆ'ಯ ರೇವಂತ್ ಥರ ಫೋನನ್ನ ಕಿವಿಗೊತ್ತಿಕೊಂಡು ಸುಮ್ಮನೆ ಕೂತೆ.

ಸೋಮವಾರ ಹೇಳಿದ್ದು ಸುಳ್ಳು, ಗುರುವಾರ ಬಾಯ್ತಪ್ಪಿ ನಿಜ ಬಂತು. ಹಾಗಿದ್ರೆ ನನಗೆ ಭಯ ಇಲ್ಲ. ಸುಳ್ಳು ಹೇಳೋದ್ರಲ್ಲಿ ಅಪ್ಪನೂ ನನ್ನಷ್ಟೇ ದಡ್ಡರು ಅಂತ ಜೀವನಪೂರ್ತಿ ರೇಗಿಸಬಹುದು. ಇನ್ನೊಂದು ಸಾಧ್ಯತೆ ಇದೆ, ಅದನ್ನ ಬರೆಯೋಕೆ ಇಷ್ಟ ಇಲ್ಲ.

ಈ ಶನಿವಾರ ಮೈಸೂರಿಗೆ ಹೋಗ್ತಿದ್ದೀನಿ. 'ಗೌರಿ ಗಣೇಶ' ಹಾಕಿ, ಈ ಸಲ ಕೆಳಗೆ ಕೂರದೇ ಅಪ್ಪನ ಎದುರಿಗೇ ಕುರ್ಚಿ ಹಾಕ್ಕೊಂಡು, ಅವರ ಮುಖ ನೋಡ್ತಾ ಕೇಳ್ತೀನಿ. ಸುಳ್ಳೇ ಹೇಳಿರಲಿ ಅಪ್ಪ.